ನಿಲ್ಲಿಸುವ ಪೆಟ್ಟು

ನನ್ನ ಬಾಯಿ ಸುಮ್ಮನಿದ್ದಿದ್ದರೆ ಆ ಭಾನುವಾರ ಅಷ್ಟು ದೊಡ್ಡ ರಂಪವಾಗುತ್ತಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನತ್ತ ಬೊಟ್ಟು ಮಾಡುವುದು ಬೇಡ. ಇಪ್ಪತ್ತೇಳು ವರ್ಷ ನರ್ಸ್ ಕೆಲಸ ಮಾಡಿದವಳು ನಾನು, ಎದೆಲ್ಮಾ. "ಮನೆಯವ್ರಿಗೆ ಅರ್ಧ ಸುದ್ದಿ ಕೊಡ್ಬೇಡ್ರೇ, ಉಳಿದರ್ಧ ಅವರೇ ಹುಟ್ಟಿಸ್ಕೋತಾರೆ" ಎಂದು ಹೊಸ ಹುಡುಗಿಯರನ್ನು ದಿನಾ ಬೈಯುವವಳು. ಅಂಥ ನಾನೇ ವಾರ್ಡಿನ ಬಾಗಿಲಲ್ಲಿ ನಿಂತು ಅರ್ಧ ಸುದ್ದಿ ಕೊಟ್ಟೆ.

ರೋಗಿ ನಮ್ಮ ನೆರೆಯೊ ಮಾವ. ನೆರೆಯೊ ಪಿಂತೋಸ್, ಎಪ್ಪತ್ತೊಂದು ವರ್ಷ. ರಕ್ತಸಂಬಂಧವೇನೂ ಇಲ್ಲ, ಮೋಂತೆವಿದೆಯೊ ನಗರದ ನಮ್ಮ ದಕ್ಷಿಣದ ಕೇರಿಯಲ್ಲಿ ನಾವು ಹುಟ್ಟಿ ಬೆಳೆದದ್ದು ಅವರ ಮನೆಯಿಂದ ಎರಡು ಬಾಗಿಲಾಚೆ, ಅಷ್ಟೆ. ಅವರು ಡೋಲಿನ ಮೇಳದ ಯಜಮಾನ. ಪ್ರತಿ ಭಾನುವಾರ ಸಂಜೆ ಎಪ್ಪತ್ತು ಡೋಲು ಹೆಗಲಿಗೇರಿಸಿ ಬೀದಿಗೆ ಇಳಿಯುವ ಮೇಳ ಅದು. ಸಣ್ಣ ಡೋಲು ಒಂದೇ ಸಮ ನಡೆಯುತ್ತಿರುತ್ತದೆ, ದೊಡ್ಡದು ಕೆಳಗಿನಿಂದ ಗುಡುಗುತ್ತದೆ, ನಡುವಿನದು ರೆಪೀಕೆ. ರೆಪೀಕೆ ಮಾತಾಡುವ ಡೋಲು. ಅದು ಕರೆದರೆ ಉಳಿದವು ಓಗೊಡುತ್ತವೆ, ಅದು ಕೆಣಕಿದರೆ ಉಳಿದವು ಏರುತ್ತವೆ, ಕೊನೆಗೆ ಅದು ನಿಲ್ಲಿಸುವ ಪೆಟ್ಟು ಕೊಟ್ಟರೆ ಮಾತ್ರ ನಿಲ್ಲುತ್ತವೆ. ಆ ಪೆಟ್ಟು ಕೊಡುವ ಹಕ್ಕು ಯಜಮಾನನೊಬ್ಬನಿಗೇ. ಯಜಮಾನ ಕೊಡದೆ ಡೋಲು ನಿಂತಿತು ಎಂದರೆ ನಮ್ಮಲ್ಲಿ ಮೂರು ತಲೆಮಾರಿನವರೆಗೆ ಆಡಿಕೊಳ್ಳುತ್ತಾರೆ. ನಲವತ್ತು ವರ್ಷದಿಂದ ಅದನ್ನು ಕೊಟ್ಟಿದ್ದು ನೆರೆಯೊ ಮಾವನ ಬಲಗೈ.

ಆ ಬೆಳಿಗ್ಗೆ ಮಾವ ಅಡುಗೆಮನೆಯಲ್ಲಿ ಸೋರೆಬುರುಡೆಯಿಂದ ಮಾಟೆ ಎಲೆಯ ಕಷಾಯ ಹೀರುತ್ತ ಕೂತಿದ್ದಾಗ ಬುರುಡೆ ಆ ಕೈಯಿಂದಲೇ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಕೈ ಏಳಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಮಾತು ಹೋಗಿತ್ತು. ಎದುರಿಗೆ ಮಗಳು ಸುಲ್ಮಾ ಇದ್ದಳು. ಅವಳು ಶಾಲೆಯ ಟೀಚರು, ಗಾಬರಿಯಾದರೂ ತಲೆ ಕೆಡಿಸಿಕೊಳ್ಳುವವಳಲ್ಲ. ಆಂಬುಲೆನ್ಸಿಗೆ ಫೋನು ಮಾಡಿ, ಪೆನ್ನು ತೆಗೆದು ಅಂಗೈಯ ಮೇಲೆ '9.10' ಎಂದು ಬರೆದುಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರ್ ಬೆನ್ತಾಂಕೂರ್ "ಯಾವಾಗ ಶುರುವಾಯ್ತು?" ಎಂದು ಕೇಳಿದ ಕೂಡಲೇ ಅಂಗೈ ತೋರಿಸಿದಳು. ಶುರುವಾದ ಹೊತ್ತು ಗೊತ್ತಿಲ್ಲದೆ ಮದ್ದು ಕೊಡುವ ಹಾಗಿಲ್ಲ. ಲಕ್ವ ಹೊಡೆದವರ ಮನೆಯವರೆಲ್ಲ ಹೀಗಿದ್ದರೆ ನಮ್ಮ ವಾರ್ಡು ಅರ್ಧ ಖಾಲಿಯಾಗುತ್ತಿತ್ತು.

ರಕ್ತದ ಹೆಪ್ಪು ಕರಗಿಸುವ ಮದ್ದು ಕೊಟ್ಟೆವು. ಸಾಲಲಿಲ್ಲ. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಎದೆ ಕತ್ತು ದಾಟಿಸಿ, ಮಿದುಳಿನವರೆಗೆ ಒಯ್ದು ಆ ಹೆಪ್ಪನ್ನು ಡಾಕ್ಟರು ಎಳೆದು ತೆಗೆದರು. ಬಟ್ಟಲಲ್ಲಿಟ್ಟು ತೋರಿಸಿದಾಗ ಅದು ಒಂದು ಕಡಲೆಬೀಜದಷ್ಟೂ ಇರಲಿಲ್ಲ. ಇಷ್ಟೇ ಇಷ್ಟು ವಸ್ತು ನಮ್ಮ ಯಜಮಾನನನ್ನು ಕೆಡವಿತ್ತಲ್ಲ ಎಂದು ನನಗೆ ಸಿಟ್ಟೇ ಬಂತು.

ಹೆಪ್ಪು ತೆಗೆದರೆ ಮುಗಿಯಿತು ಎಂದು ಜನ ತಿಳಿಯುತ್ತಾರೆ. ನನ್ನ ಕೆಲಸ ಶುರುವಾಗುವುದೇ ಅಲ್ಲಿಂದ. ಗಂಟೆಗಟ್ಟಲೆ ರಕ್ತ ಕಾಣದೆ ಬಾಡಿದ ಜಾಗಕ್ಕೆ ಒಮ್ಮೆಲೇ ರಕ್ತ ನುಗ್ಗುತ್ತದೆ. ಅಲ್ಲಿನ ನಾಳಗಳು ನೆನೆದ ಕಾಗದದ ಹಾಗೆ ಮೆತ್ತಗಾಗಿರುತ್ತವೆ. ಬಿಪಿ ಏರಿದರೆ ಒಡೆಯಬಹುದು. ಒಡೆದರೆ ಮಿದುಳಿನೊಳಗೆ ರಕ್ತ, ಉಳಿಸಿದ್ದೆಲ್ಲ ನೀರುಪಾಲು. ಸಾಲದ್ದಕ್ಕೆ ಕರಗಿಸುವ ಮದ್ದು ಇನ್ನೂ ಮೈಯಲ್ಲಿರುತ್ತದೆ, ತೊಡೆಸಂದಿನ ತೂತೂ ಸುಮ್ಮನೆ ಮುಚ್ಚಿಕೊಳ್ಳುವುದಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಇಪ್ಪತ್ತನಾಲ್ಕು ಗಂಟೆ ಬಿಪಿಯ ಮೇಲಿನ ಅಂಕಿ ನೂರ ಅರವತ್ತು ದಾಟಬಾರದು, ಕಾಲು ಮಡಚಬಾರದು, ಗದ್ದಲ ಬೇಡ, ಸಂತೋಷವೂ ಬೇಡ.

"ಸಂತೋಷಾನೂ ಬೇಡ್ವಾ ಡಾಕ್ಟ್ರೇ?" ಎಂದೆ.

"ಎಲ್ಲಕ್ಕಿಂತ ಮೊದ್ಲು ಅದೇ ಬೇಡ" ಎಂದರು. ಉತ್ತರದ ಗಡಿಯಿಂದ ಬಂದ ಹುಡುಗ, ಮೂವತ್ತೆರಡು ವರ್ಷ, ನಗುವುದು ಕಡಿಮೆ. ಆದರೆ ಕೈ ಮಾತ್ರ ಚಿನ್ನ.

ಮಧ್ಯಾಹ್ನ ಎರಡು ಗಂಟೆಗೆ ಮಾವನ ಬಲಗೈ ಹಿಡಿದು "ಎಲ್ಲಿ, ಅದುಮಿ ನೋಡೋಣ" ಎಂದೆ. ಬೆರಳು ಮಡಚಿಕೊಂಡವು. ಮೊದಲು ಎರಡು, ಆಮೇಲೆ ಐದೂ. ನನ್ನ ಉಂಗುರ ಮೂಳೆಗೆ ಒತ್ತುವಷ್ಟು ಅದುಮಿದರು. ನಾನು ಸಣ್ಣವಳಿದ್ದಾಗ ಅವರ ಹಿಂದೆ ಬೀದಿಯುದ್ದಕ್ಕೂ ಓಡಿದವಳು, ಆ ಕೈ ನನಗೆ ಬರೀ ರೋಗಿಯ ಕೈಯಲ್ಲ. ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಓಡಿದರೆ ಹೊರಗೆ ಸುಲ್ಮಾ ಮತ್ತು ಮೇಳದಲ್ಲಿ ದೊಡ್ಡ ಡೋಲು ಬಾರಿಸುವ ಬೋಳುತಲೆಯ ವಾಷಿಂಗ್ಟನ್ ನಿಂತಿದ್ದರು.

"ಕೈ ಬಂತು ಕಣ್ರೋ! ಮಾವನ ಕೈ ವಾಪಸ್ ಬಂತು!" ಎಂದೆ.

ಇದು ಅರ್ಧ ಸುದ್ದಿ. ಉಳಿದರ್ಧ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಇನ್ನೊಂದು ಹಾಸಿಗೆಯ ಮಾನಿಟರ್ ಕೂಗಿಕೊಂಡಿತು, ಓಡಿದೆ. ವಾಷಿಂಗ್ಟನ್ ಅಷ್ಟರೊಳಗೆ ಎರಡೆರಡು ಮೆಟ್ಟಿಲು ಹಾರುತ್ತ ಇಳಿದುಹೋಗಿದ್ದ.

ನಮ್ಮವರಿಗೆ ಇಂಥ ಸುದ್ದಿ ಸಿಕ್ಕರೆ ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಿರಬೇಕಿತ್ತು. ಬೇರೆ ಜನ ಹೂವು ತರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ನಮ್ಮವರು ಡೋಲು ತರುತ್ತಾರೆ.

ಐದು ಗಂಟೆಗೆ ಕಿಟಕಿಯಿಂದ ಸುಟ್ಟ ಪೇಪರಿನ ವಾಸನೆ ಬಂತು. ಡೋಲಿನ ಚರ್ಮ ಬಿಗಿಯಾಗಲಿ ಎಂದು ಬೀದಿಯಲ್ಲಿ ಬೆಂಕಿ ಹಾಕಿ ಕಾಯಿಸುವ ವಾಸನೆ. ಅದು ನನಗೆ ತಾಯಿಯ ಮಡಿಲಿನಷ್ಟು ಗುರುತು, ಆದರೆ ಮೂರನೇ ಮಹಡಿಯ ಲಕ್ವದ ವಾರ್ಡಿನಲ್ಲಿ ಅದಕ್ಕೇನು ಕೆಲಸ ಎಂದು ಯೋಚಿಸುವಷ್ಟರಲ್ಲಿ ಶುರುವಾಯಿತು. ಎಪ್ಪತ್ತೂ ಡೋಲು, ನಮ್ಮ ಕಿಟಕಿಯ ನೇರ ಕೆಳಗೆ.

ಗಾಜು ನಡುಗಿತು. ಮಾವ ಕಣ್ಣು ತೆರೆದರು. ಬಲಗೈ ಬೆರಳು ಹೊದಿಕೆಯ ಮೇಲೆ ತಾನಾಗಿ ಆಡತೊಡಗಿತು. ನಿಜ ಹೇಳಲೇ, ಒಂದು ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮಾನಿಟರ್ ನೋಡುವುದನ್ನೇ ಮರೆತೆ. ಬೆಳಿಗ್ಗೆ ಸತ್ತಿದ್ದ ಕೈ, ಸಂಜೆಗೆ ತಾಳ ಹಾಕುತ್ತಿದೆ! ಆಮೇಲೆ ನೋಡಿದೆ. ನೂರ ಐವತ್ತೆರಡು ಇದ್ದದ್ದು ನೂರ ಅರವತ್ತನಾಲ್ಕಾಗಿತ್ತು.

"ಮಾವ, ಬೇಡ. ಸುಮ್ನೆ ಮಲಕ್ಕೊಳ್ಳಿ."

ಅವರಿಗೆ ಎಲ್ಲಿ ಕೇಳಿಸಬೇಕು? ಮುಖ ಅರಳಿತ್ತು. ಕಾಲು ಹೆಜ್ಜೆ ಹಾಕಲು ಶುರುಮಾಡಿತು, ಬಲ ಮಂಡಿ ಮೇಲೆದ್ದಿತು. ನಾನು ಹೊದಿಕೆ ಕಿತ್ತು ನೋಡಿದರೆ ತೊಡೆಸಂದಿನ ಪಟ್ಟಿಯ ಪಕ್ಕ ನಿಂಬೆಹಣ್ಣಿನಷ್ಟು ಊತ. ಒಳಗೆ ರಕ್ತ ಸೋರುತ್ತಿತ್ತು. ಕಾಲನ್ನು ನೆಟ್ಟಗೆ ಮಾಡಿ, ಮೊಣಕೈ ಬಿಗಿದು, ಎರಡೂ ಅಂಗೈ ಊರಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದೆ. ಇನ್ನು ಇಪ್ಪತ್ತು ನಿಮಿಷ ಆ ಕೈ ತೆಗೆಯುವ ಹಾಗಿಲ್ಲ.

"ಡಾಕ್ಟ್ರೇ!"

ಬೆನ್ತಾಂಕೂರ್ ಓಡಿ ಬಂದರು. ಬಿಪಿ ಇಳಿಸುವ ಮದ್ದು ಏರಿಸಿದರು. ನೂರ ಎಪ್ಪತ್ಮೂರು. ಮತ್ತೆ ಏರಿಸಿದರು. ನೂರ ಎಂಬತ್ತು. ಕೆಳಗೆ ಡೋಲು ಬಿಸಿಯೇರುತ್ತಿದ್ದ ಹಾಗೆ ಇಲ್ಲಿ ಅಂಕಿ ಏರುತ್ತಿತ್ತು. ಮದ್ದಿಗೂ ಎಪ್ಪತ್ತು ಡೋಲಿಗೂ ಜಗಳ ಬಿದ್ದಿತ್ತು, ಮದ್ದು ಸೋಲುತ್ತಿತ್ತು.

ಕಾವಲುಗಾರನನ್ನು ಕೆಳಗೆ ಕಳಿಸಿದರು. ಅವನು ಏದುಸಿರು ಬಿಡುತ್ತ ವಾಪಸ್ ಬಂದ.

"ನಿಲ್ಲಿಸಲ್ವಂತೆ ಸಾರ್. ಆ ಬೋಳುತಲೆಯವ್ನು 'ಯಜಮಾನ ಬದುಕಿದಾನೆ, ನಿಲ್ಲಿಸೋನು ಅವ್ನೇ, ನೀನ್ಯಾರು' ಅಂತಾನೆ. ಇನ್ನೂ ಜೋರು ಮಾಡಿದ್ರು."

"ಪೊಲೀಸ್ಗೆ ಫೋನ್ ಮಾಡ್ತೀನಿ" ಎಂದರು ಡಾಕ್ಟರು.

"ಅಯ್ಯೋ, ನಿಮ್ಮ ದಮ್ಮಯ್ಯ!" ನಾನು ಕೈ ಎತ್ತದೆ ಕಿರುಚಿದೆ. "ನಮ್ಮ ಹಿರೀಕರು ಇಲ್ಲಿ ಗುಲಾಮರಾಗಿದ್ದಾಗಿಂದ, ಇನ್ನೂರು ವರ್ಷದಿಂದ ಪೊಲೀಸ್ರು ನಮ್ಗೆ ನಿಲ್ಸಿ ಅಂತಾನೇ ಹೇಳ್ತಿರೋದು. ಒಂದ್ಸಲಾನಾದ್ರೂ ನಿಂತಿದೆಯಾ? ಅವ್ರು ಬಂದ್ರೆ ರಾತ್ರಿ ಎಲ್ಲಾ ಬಾರಿಸ್ತಾರೆ!"

"ಮತ್ತೆ ಏನ್ ಮಾಡೋಣ ಎದೆಲ್ಮಾ? ಇನ್ನೊಂದು ಹತ್ತು ನಿಮಿಷ ಹೀಗೇ ಆದ್ರೆ ಇವರ ತಲೆಯೊಳಗೆ ಒಡೆಯುತ್ತೆ."

ಸುಲ್ಮಾ ಬಾಗಿಲಲ್ಲಿ ಬಂದು ನಿಂತಿದ್ದಳು. ಎಲ್ಲವೂ ಕೇಳಿಸಿತ್ತು.

ಅವಳ ವಿಷಯ ಹೇಳಬೇಕು. ಮೂವತ್ತೆಂಟು ವರ್ಷದ ಈ ಹುಡುಗಿಗೆ ಅಪ್ಪನ ಕೈಯೇ ಬಂದಿದೆ. ಇದು ಕೇರಿಗೆಲ್ಲ ಗೊತ್ತು, ಅಪ್ಪನಿಗೂ ಗೊತ್ತು. ಹತ್ತು ವರ್ಷದಿಂದ ಮೇಳದ ಸಾಲಿನಲ್ಲಿ ಸಣ್ಣ ಡೋಲು ಬಾರಿಸುತ್ತಾಳೆ. ರೆಪೀಕೆ ಮಾತ್ರ ಬೀದಿಯಲ್ಲಿ ಮುಟ್ಟಲು ಬಿಟ್ಟಿಲ್ಲ. "ಹೆಣ್ಣು ಕುಣೀಲಿ. ಬೇಕಿದ್ರೆ ಸಾಲಲ್ಲಿ ನಿಂತು ಬಾರಿಸ್ಲಿ. ಕರೆಯೋದು ಗಂಡಸಿನ ಕೆಲಸ" ಎನ್ನುತ್ತಿದ್ದರು ಮಾವ. ನನಗೆ ಅವರ ಮೇಲೆ ಎಷ್ಟು ಪ್ರೀತಿಯೋ ಈ ಮಾತಿನ ಮೇಲೆ ಅಷ್ಟೇ ಕೋಪ. ಒಂದೆರಡು ಸಲ ಮುಖದ ಮೇಲೆ ಹೇಳಿಯೂ ಇದ್ದೇನೆ. "ನೀನು ನಿನ್ನ ಸೂಜಿ ನೋಡ್ಕೊಳ್ಳಮ್ಮಾ" ಎಂದು ನಕ್ಕಿದ್ದರು.

ನಾನು ಅವರ ಮುಖದ ಹತ್ತಿರ ಬಾಗಿದೆ.

"ನೆರೆಯೊ ಮಾವ, ನನ್ ಕಡೆ ನೋಡಿ. ಆ ಡೋಲು ನಿಮ್ಮನ್ನ ಕೊಲ್ತಾ ಇದೆ. ನಿಮ್ಮ ತಲೆಯೊಳಗೆ ರಕ್ತನಾಳ ಒಡೆದ್ರೆ ಈ ಕೈ ಮತ್ತೆ ಹೋಗುತ್ತೆ, ನೀವೂ ಹೋಗ್ತೀರ. ನಿಲ್ಲಿಸ್ಬೇಕು. ನೀವು ಇಳಿಯೋ ಹಾಗಿಲ್ಲ. ಯಾರನ್ನಾದ್ರೂ ಕಳಿಸಿ."

ಅವರ ಕಣ್ಣು ನನ್ನ ಮೇಲೆ ನಿಂತಿತು. ಅರ್ಥವಾಯಿತು. ಬಾಯಿ ತೆರೆದರು, "ನಿ... ನಿ..." ಎಂದಷ್ಟೇ ಬಂತು. ಕಣ್ಣಲ್ಲಿ ನೀರು ತುಂಬಿತು. ಬಾಗಿಲ ಕಡೆ ನೋಡಿದರು. ಅಲ್ಲಿದ್ದವಳು ಮಗಳು.

"ಬಾರೇ ಇಲ್ಲಿ, ಬೇಗ!" ಎಂದೆ.

ಸುಲ್ಮಾ ಬಂದಳು. ಮಾವ ಬಲಗೈ ಎತ್ತಿ ಅವಳ ಮುಂಗೈ ಹಿಡಿದರು. ಒಂದು ಗಳಿಗೆ ಹಾಗೇ ಹಿಡಿದಿದ್ದರು. ನಲವತ್ತು ವರ್ಷದ ಹಟ ಆ ಗಳಿಗೆಯಲ್ಲಿ ಅವರ ಮುಖದ ಮೇಲೆ ಹಾದುಹೋದದ್ದನ್ನು ನಾನು ಕಂಡೆ. ಆಮೇಲೆ ಎರಡು ಬೆರಳಿನಿಂದ ಅವಳ ತೋಳಿನ ಮೇಲೆ ತಟ್ಟಿದರು. ತಕ-ತಾ, ತಕ-ತಾ, ತಕಿಟ ತಾ. ನಿಲ್ಲಿಸುವ ಪೆಟ್ಟು. ಯಾವತ್ತೂ ಯಾರಿಗೂ ಕೈ ಹಿಡಿದು ಕಲಿಸದೇ ಇದ್ದದ್ದು.

"ನಂಗೆ ಬರುತ್ತೆ ಅಪ್ಪಾ" ಎಂದಳು ಸುಲ್ಮಾ. "ಚಿಕ್ಕೋಳಿದ್ದಾಗಿಂದ್ಲೂ ಬರುತ್ತೆ."

"ಹೋಗೇ ಮಾರಾಯ್ತಿ, ಆಮೇಲೆ ಹೇಳುವಿಯಂತೆ!" ಎಂದು ನಾನು ಗದರಿದೆ. ಓಡಿದಳು.

ನನಗೆ ಕಿಟಕಿಗೆ ಹೋಗುವ ಹಾಗಿಲ್ಲ, ಕೈಯಡಿ ಮಾವನ ರಕ್ತ ಮಿಡಿಯುತ್ತಿತ್ತು. ಡಾಕ್ಟರು ಕಿಟಕಿಗೂ ಮಾನಿಟರಿಗೂ ನಡುವೆ ನಿಂತರು. ನೂರ ಎಂಬತ್ತಾರು.

"ಬಂದ್ಲು. ಮುಂದೆ ನಿಂತ್ಲು. ಕೈ ಬೀಸ್ತಿದಾಳೆ... ಯಾರೂ ನೋಡ್ತಾ ಇಲ್ಲ. ಆ ಬೋಳುತಲೆ ನೋಡ್ದ. ತಲೆ ಆಡಿಸ್ದ, ಆಗಲ್ಲ ಅಂತ. ಏನೋ ಬೈತಿದಾನೆ. ಅರೆ! ಪಕ್ಕದವ್ನ ಹೆಗಲಿಂದ ಡೋಲು ಕಿತ್ಕೊಂಡ್ಲು!"

"ಯಾವ ಡೋಲು? ಮಧ್ಯದ ಸೈಜಾ?"

"ಹೂಂ, ಮಧ್ಯದ್ದು."

ಆಮೇಲೆ ಡಾಕ್ಟರು ಹೇಳಬೇಕಾಗಲಿಲ್ಲ, ನನಗೇ ಕೇಳಿಸಿತು. ಅರವತ್ತೊಂಬತ್ತು ಡೋಲಿನ ಮೇಲೆ ಒಂದು ರೆಪೀಕೆ ಎದ್ದಿತು. ಕೋಪದಲ್ಲಿ ಎದ್ದದ್ದಲ್ಲ. ಗಟ್ಟಿಯಾಗಿ, ಸ್ಪಷ್ಟವಾಗಿ, ಮಕ್ಕಳ ಗಲಾಟೆಯ ನಡುವೆ ಹೆಸರು ಹಿಡಿದು ಕರೆದ ಟೀಚರ ಧ್ವನಿಯ ಹಾಗೆ. ಒಂದು ಸಲ ಕರೆಯಿತು. ದೊಡ್ಡ ಡೋಲುಗಳು ತಡವರಿಸಿದವು. ಇನ್ನೊಂದು ಸಲ ಕರೆಯಿತು. ಮಾವ ಕಣ್ಣು ಮುಚ್ಚಿದ್ದರು, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ತಕ-ತಾ, ತಕ-ತಾ, ತಕಿಟ ತಾ.

ಎಪ್ಪತ್ತೂ ನಿಂತವು. ಒಂದೇ ಏಟಿಗೆ.

ಆ ಮೌನವನ್ನು ನಾನು ಹೇಗೆ ಹೇಳಲಿ? ಇಂಥ ಭಾನುವಾರದ ಸಂಜೆಯಲ್ಲಿ ನಮ್ಮ ಜನ ಅಷ್ಟು ಸುಮ್ಮನಿದ್ದದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಸುಲ್ಮಾ ಉಳಿದರ್ಧ ಸುದ್ದಿ ಅವರಿಗೆ ಹೇಳಿದಳಂತೆ. ಆಮೇಲೆ ಯಾರೂ ಮನೆಗೆ ಹೋಗಲಿಲ್ಲ. ಡೋಲು ಹೆಗಲಲ್ಲೇ ತೂಗುಹಾಕಿಕೊಂಡು, ಕೈ ಚರ್ಮದ ಮೇಲಿಟ್ಟು, ತಲೆಯೆತ್ತಿ ಕಿಟಕಿ ನೋಡುತ್ತ ನಿಂತಿದ್ದರು. ಬಸ್ಸಿನವನು ಹಾರ್ನ್ ಮಾಡಿದ್ದಕ್ಕೆ ಒಬ್ಬಳು ಮುದುಕಿ ಹೋಗಿ ಗಾಜು ತಟ್ಟಿ ಬೈದಳಂತೆ. ಬಾರಿಸುವುದು ನಮ್ಮ ಜನಕ್ಕೆ ಉಸಿರಾಟ. ಅದನ್ನು ಹಿಡಿದು ನಿಂತರಲ್ಲ, ಅದಕ್ಕಿಂತ ದೊಡ್ಡ ಪ್ರೀತಿ ನನಗೆ ಗೊತ್ತಿಲ್ಲ. ನಾನು ಈ ಜನದವಳು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನೂರ ಎಪ್ಪತ್ತೊಂದು. ನೂರ ಅರವತ್ತೆರಡು. ನೂರ ಐವತ್ತೈದು. ಇಪ್ಪತ್ತು ನಿಮಿಷವಾದ ಮೇಲೆ ಮೆಲ್ಲಗೆ ಕೈ ಎತ್ತಿದೆ. ಊತ ನಿಂತಿತ್ತು. ನನ್ನ ತೋಳು ಮರಗಟ್ಟಿ, ಲೋಟ ಹಿಡಿಯಲೂ ಆಗದೆ ಆಯಾ ನೀರು ಕುಡಿಸಿದಳು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಬಿಪಿ ಅಷ್ಟು ಏರಿತ್ತಲ್ಲ ಎಂದು ಡಾಕ್ಟರು ಕೂಡಲೇ ತಲೆಯ ಸ್ಕ್ಯಾನ್ ಮಾಡಿಸಿದರು. ಪರದೆಯ ಮೇಲೆ ಎಡಭಾಗದಲ್ಲಿ ಬೆರಳುಗುರಿನಷ್ಟು ಬಿಳಿ ಮಚ್ಚೆ. ರಕ್ತವೂ ಹಾಗೇ ಬೆಳ್ಳಗೆ ಕಾಣುತ್ತದೆ. ಬೆಳಿಗ್ಗೆ ನಾಳ ಕಾಣಲೆಂದು ಬಿಟ್ಟ ಬಣ್ಣದ ದ್ರವ ಬಾಡಿದ ಜಾಗದಲ್ಲಿ ಇಂಗಿದ್ದರೂ ಹಾಗೇ ಕಾಣುತ್ತದೆ.

"ಯಾವ್ದು ಡಾಕ್ಟ್ರೇ?"

"ಈಗ ಹೇಳಕ್ಕಾಗಲ್ಲ. ಬಣ್ಣ ಆದ್ರೆ ನಾಳೆಗೆ ತೊಳ್ಕೊಂಡು ಹೋಗುತ್ತೆ. ರಕ್ತ ಆದ್ರೆ ಉಳಿಯುತ್ತೆ, ಇಲ್ಲಾ ದೊಡ್ಡದಾಗುತ್ತೆ."

ನನ್ನ ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ. ನನ್ನ ಬಾಯಿಂದ ಆದ ಕೆಲಸ, ನನ್ನ ಕಣ್ಣೆದುರೇ ತೀರ್ಮಾನವಾಗಲಿ ಎಂದು ಕೂತೆ. ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಕೇಳಿದೆ: ಹೆಸರೇನು, ಕೈ ಎತ್ತಿ, ನನ್ನ ಬೆರಳು ಎಷ್ಟು. ಸುಲ್ಮಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅಂಗೈ ಮೇಲಿನ ಅಂಕಿಯನ್ನು ತೊಳೆದುಕೊಂಡಿರಲಿಲ್ಲ. "ನನ್ನ ರೆಪೀಕೆಯಿಂದಾನೇ ಇನ್ನೂ ಏರಿತಾ ಅಕ್ಕಾ?" ಎಂದು ಒಮ್ಮೆ ಕೇಳಿದಳು. "ನಿನ್ನ ರೆಪೀಕೆಯಿಂದಾನೇ ಇಳೀತು, ತೆಪ್ಪಗೆ ಕೂತ್ಕೋ" ಎಂದೆ. ಒಳಗೊಳಗೆ ನನಗೂ ಅದೇ ಭಯವಿತ್ತು.

ಸೋಮವಾರ ಹನ್ನೆರಡಕ್ಕೆ ಮತ್ತೆ ಸ್ಕ್ಯಾನ್. ಬೆನ್ತಾಂಕೂರ್ ಪರದೆ ತಿರುಗಿಸಿ ತೋರಿಸಿದರು. ಮಚ್ಚೆ ಇರಲಿಲ್ಲ. ಹಿಂದಿನ ದಿನದ್ದನ್ನೂ ಇವತ್ತಿನದ್ದನ್ನೂ ಪಕ್ಕಪಕ್ಕ ಇಟ್ಟು ಮೂರು ಸಲ ನೋಡಿದೆ. ಅದು ಬಣ್ಣ. ಒಂದು ಹನಿ ರಕ್ತವೂ ಇಲ್ಲ. ಆ ನಗದ ಹುಡುಗ ನಕ್ಕ. ನಾನು ಅವನನ್ನು ತಬ್ಬಿಕೊಂಡೆ, ಪಾಪ, ಕನ್ನಡಕ ಬಿದ್ದುಹೋಯಿತು.

ಮಧ್ಯಾಹ್ನ ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆ. ಅಷ್ಟರಲ್ಲಿ ಮಾವನ ಮಾತು ಮರಳಿತ್ತು. ಒಂದೊಂದು ಶಬ್ದವನ್ನೂ ಹುಡುಕಿ ತೆಗೆಯುತ್ತಿದ್ದರು, ಆದರೆ ಸಿಕ್ಕಿದ್ದು ಸರಿಯಾದದ್ದೇ. ಸುಲ್ಮಾ ಹಾಸಿಗೆಯ ಪಕ್ಕ ನಿಂತಿದ್ದಳು. ವಾಷಿಂಗ್ಟನ್ ಟೋಪಿ ಕೈಯಲ್ಲಿ ಹಿಡಿದು ಬಂದ, ಅತ್ತ, ಕ್ಷಮೆ ಕೇಳಿದ, ಮೂಗೊರೆಸಿಕೊಂಡ. ಆಮೇಲೆ ಬಂದ ಕೆಲಸ ತೆಗೆದ.

"ಅಣ್ಣಾ, ಒಂದ್ ಮಾತು. ನಿನ್ನ ಮಗಳು ನಿನ್ನೆ ಬೀದೀಲಿ ರೆಪೀಕೆ ಹಿಡಿದು ನಿಲ್ಲಿಸಿದ್ಲು. ನೀನೇ ಹೇಳಿದ್ದು ಅಂದ್ಲು. ಹುಡುಗ್ರೆಲ್ಲ ಕೇಳ್ತಿದಾರೆ. ನೀನು ಹಕ್ಕು ಕೊಟ್ಟಿದ್ದು ನಿಜಾನಾ?"

ಮಾವ ಹಣೆ ಸುಕ್ಕುಗಟ್ಟಿಸಿದರು.

"ನಂಗೆ... ನೆನಪಿಲ್ಲ" ಎಂದರು.

ಸುಲ್ಮಾ ಕಿಟಕಿಯ ಕಡೆ ತಿರುಗಿದಳು.

"ನಾನ್ ನೋಡಿದೀನಿ ಮಾವ" ಎಂದೆ. "ನನ್ನ ಎರಡೂ ಕೈ ನಿಮ್ಮ ತೊಡೆಸಂದಲ್ಲಿತ್ತು, ಆದ್ರೆ ಕಣ್ಣು ಖಾಲಿ ಇತ್ತು. ಇವಳ ತೋಳಿನ ಮೇಲೆ ನೀವೇ ತಟ್ಟಿದ್ರಿ. ಬೇಕಿದ್ರೆ ಡಾಕ್ಟ್ರನ್ನೂ ಕೇಳಿ, ಅವ್ರು ಸುಳ್ಳು ಹೇಳೋಕೂ ಬರದ ಮನುಷ್ಯ."

ಮಾವ ನನ್ನನ್ನು ನೋಡಿದರು, ಮಗಳ ಬೆನ್ನು ನೋಡಿದರು. ಆಮೇಲೆ ವಾಷಿಂಗ್ಟನ್ ಕಡೆ ತಿರುಗಿದರು.

"ಎಪ್ಪತ್ತೂ... ನಿಂತ್ವಾ?"

"ನಿಂತ್ವು ಅಣ್ಣಾ."

"ಎಷ್ಟು ಏಟಿಗೆ?"

ವಾಷಿಂಗ್ಟನ್ ಟೋಪಿ ತಿರುಗಿಸಿದ. "ಒಂದೇ ಏಟಿಗೆ."

"ಹಿಂದಿನ ಸಾಲೂ?"

"ಹಿಂದಿನ ಸಾಲೂ."

"ನಲವತ್ತು ವರ್ಷದಲ್ಲಿ... ನಂಗೆ ಯಾವತ್ತಾದ್ರೂ... ಒಂದೇ ಏಟಿಗೆ ನಿಂತಿದ್ವೇನೋ?"

ವಾಷಿಂಗ್ಟನ್ ಬೋಳು ತಲೆ ಕೆರೆದುಕೊಂಡ. "ಇಲ್ಲ ಬಿಡು. ಹಿಂದಿನ ಸಾಲು ಯಾವಾಗ್ಲೂ ಎಳೀತಿತ್ತು."

ಮಾವ ದಿಂಬಿಗೆ ಒರಗಿದರು. ಅವರ ಮುಖದಲ್ಲಿ ಬಂದ ಹೆಮ್ಮೆಯನ್ನು ಕಂಡು ನಾನು ಬೇಗ ಮಾನಿಟರ್ ನೋಡಿದೆ. ನೂರ ನಲವತ್ತೆಂಟು, ಪರವಾಗಿಲ್ಲ.

"ಮತ್ತೆ ನನ್ನೇನ್ ಕೇಳ್ತೀಯ?" ಎಂದರು. "ಭಾನುವಾರ ಎಷ್ಟೊತ್ತಿಗೆ ಬರ್ಬೇಕು ಅಂತ... ಅವಳನ್ನ ಕೇಳು."